ಕಾಲುವೆ ದಂಡೆ ಮೇಲೆ ಬೆಳಗ್ಗೆ ಆರು ಗಂಟೆ: ಒಂದು ಡಿಕ್ಕಿ, ಒಂದು ಜಗಳ, ಒಂದು ಒಪ್ಪಂದ

ವಿಜಯಪುರ ಜಿಲ್ಲೆಯ ಒಂದು ತಾಲೂಕು ಊರು. ಊರ ಅಂಚಿಗೆ ಕೃಷ್ಣಾ ನೀರಿನ ಕಾಲುವೆ. ಅದರ ದಂಡೆ ರಸ್ತೆಯ ಮೇಲೆ ದಿನಾ ಬೆಳಗ್ಗೆ ನಡೆಯುವವರು, ಓಡುವವರು, ಸೈಕಲ್ ತುಳಿಯುವವರು, ಹೊಲಕ್ಕೆ ಹೋಗುವವರು ಎಲ್ಲರೂ ಒಟ್ಟಿಗೆ ಸೇರುತ್ತಾರೆ. ಹೋದ ಚಳಿಗಾಲದಲ್ಲಿ ಅಲ್ಲಿ ಒಂದು ಡಿಕ್ಕಿ ಆಯಿತು. ಒಬ್ಬ ಹೆಣ್ಣುಮಗಳ ಮುಂಗೈ ಮುರಿಯಿತು, ಒಬ್ಬ ಹುಡುಗನ ಹೆಗಲೆಲುಬು ಮುರಿಯಿತು. ಆಮೇಲೆ ರಸ್ತೆಗೆ ಮುಳ್ಳು ಬಿತ್ತು, ಜಗಳ ಆಯಿತು, ಗುಡಿ ಕಟ್ಟೆ ಮೇಲೆ ಸಭೆ ಆಯಿತು, ಕೊನೆಗೆ ಒಂದು ಒಪ್ಪಂದಕ್ಕೆ ಬಂದರು.

ಅದನ್ನು ಪೂರ್ತಿ ಬರೆದಿಡಬೇಕು ಅನಿಸಿತು. ಯಾಕಂದರೆ ಇಂಥ ದಾರಿ ನಮ್ಮ ಕಡೆ ಬಹಳ ಇವೆ. ಕೆರೆ ಏರಿ, ಕಾಲುವೆ ದಂಡೆ, ಹಳೆ ರಸ್ತೆ, ಕೋಟೆ ಪಕ್ಕದ ಬಯಲು. ಎಲ್ಲಾ ಕಡೆ ಇದೇ ತಕರಾರು ಶುರುವಾಗಿದೆ. ಎಲ್ಲಾ ಕಡೆ ಮೊದಲು ಕೇಳಿಬರುವ ಮಾತೂ ಒಂದೇ: ಅವರನ್ನು ಬಂದ್ ಮಾಡಿ. ನನಗೆ ಈ ಮಾತಿನ ಮೇಲೆ ತಕರಾರಿದೆ. ಅದು ಯಾಕೆ ಅಂತ ಹೇಳೋದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ. ಊರಿನ ಹೆಸರು, ಜನರ ಹೆಸರು ಬೇಡ ಅಂತ ಅಲ್ಲಿಯವರೇ ಕೇಳಿಕೊಂಡರು. ನಾನು ಅದೇ ಊರಿನ ಶಾಲೆಯಲ್ಲಿ ಪಿ.ಟಿ. ಮಾಸ್ತರ. ಡಿಕ್ಕಿ ಆದ ಹುಡುಗರಲ್ಲಿ ಇಬ್ಬರು ನನ್ನ ಹತ್ತಿರ ಓದಿದವರು.

ದಾರಿ ಹೇಗಿದೆ

ಕಾಲುವೆ ಕಟ್ಟುವಾಗ ಒಂದು ದಂಡೆಯ ಮೇಲೆ ರಸ್ತೆ ಬಿಡುತ್ತಾರೆ. ಇಲಾಖೆಯ ಜೀಪು ಓಡಾಡಬೇಕು, ಗೇಟು ನೋಡಬೇಕು, ಎಲ್ಲಾದರೂ ದಂಡೆ ಒಡೆದರೆ ಬೇಗ ಗೊತ್ತಾಗಬೇಕು ಅಂತ. ವಾಕಿಂಗ್ ಮಾಡಲಿ ಅಂತ ಯಾರೂ ಇದನ್ನು ಮಾಡಿದ್ದಲ್ಲ. ಅಗಲ ಎಷ್ಟು ಅಂದರೆ, ಒಂದು ಟ್ರ್ಯಾಕ್ಟರ್ ಬಂದರೆ ಪಕ್ಕದಲ್ಲಿ ಒಬ್ಬ ಮನುಷ್ಯ ಮೈ ಒತ್ತಿಕೊಂಡು ನಿಲ್ಲಬಹುದು, ಅಷ್ಟೇ. ಒಂದು ಕಡೆ ನೀರು. ಇನ್ನೊಂದು ಕಡೆ ಇಳಿಜಾರು, ಅದರ ಕೆಳಗೆ ಎರೆ ಹೊಲ. ಊರ ಕಡೆಯಿಂದ ಮೊದಲ ಮೂರು ಕಿಲೋಮೀಟರ್ ಹಳೆ ಡಾಂಬರು. ಅಲ್ಲಿಂದ ಮುಂದೆ ಬರೀ ಗರಸು, ಅಂದರೆ ಸಣ್ಣ ಕಲ್ಲು ಬೆರೆತ ಮಣ್ಣು.

ನೀರಿನ ಕಡೆಯ ಅಪಾಯವನ್ನು ಸರಿಯಾಗಿ ತಿಳಿದುಕೊಳ್ಳಬೇಕು. ಕಾಲುವೆಯ ಒಳಮೈ ಸಿಮೆಂಟಿನ ಇಳಿಜಾರು. ನೀರು ನಿಲ್ಲುವ ಮಟ್ಟದಲ್ಲಿ ಪಾಚಿ. ಬಿದ್ದವರಿಗೆ ಈಜು ಬಂದರೂ ಹತ್ತಿ ಬರೋದು ಕಷ್ಟ, ಕೈಗೆ ಹಿಡಿಯಲು ಏನೂ ಸಿಗಲ್ಲ, ಕಾಲಿಟ್ಟಲ್ಲಿ ಜಾರುತ್ತದೆ, ನೀರು ಮುಂದಕ್ಕೆ ಎಳೆಯುತ್ತದೆ. ದನ ಬಿದ್ದರೂ ಅದೇ ಕತೆ. ಅದಕ್ಕೇ ನೀರಿನ ಅಂಚಿಗೆ ಮಣ್ಣಿನ ಸಣ್ಣ ಒಡ್ಡು ಹಾಕಿರುತ್ತಾರೆ. ಇಲ್ಲಿ ಅದು ಎಷ್ಟೋ ಕಡೆ ಸವೆದು ರಸ್ತೆ ಮಟ್ಟಕ್ಕೆ ಬಂದುಬಿಟ್ಟಿತ್ತು. ನೀರು ಸರದಿ ಪ್ರಕಾರ ಬಿಡುತ್ತಾರೆ, ಬಂದ್ ಮಾಡುತ್ತಾರೆ. ಕಾಲುವೆ ಖಾಲಿ ಇದ್ದಾಗ ಜನ ಅಂಚಿನಲ್ಲಿ ಆರಾಮಾಗಿ ನಡೆಯುತ್ತಾರೆ. ತುಂಬಿ ಹರಿಯುವಾಗ ಯಾರೂ ಆ ಕಡೆ ಹೋಗಲ್ಲ, ಎಲ್ಲರೂ ಹೊಲದ ಕಡೆಗೇ ಒತ್ತುತ್ತಾರೆ. ಅಂದರೆ ನೀರು ಬಂದ ದಿನ ರಸ್ತೆ ತಾನಾಗಿಯೇ ಕಿರಿದಾಗುತ್ತದೆ. ಡಿಕ್ಕಿ ಆದ ದಿನವೂ ಕಾಲುವೆ ತುಂಬಿತ್ತು.

ಯಾರು ಬರುತ್ತಾರೆ, ಯಾಕೆ ಬರುತ್ತಾರೆ

ಮೊದಲು ನಡೆಯುವವರು. ಶುಗರ್, ಬಿಪಿ ಅಂತ ಡಾಕ್ಟರ್ ಹೇಳಿ ಕಳಿಸಿದವರು ಜಾಸ್ತಿ. 2023ರಲ್ಲಿ ಬಂದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಅಧ್ಯಯನದ ಪ್ರಕಾರ ನಮ್ಮ ದೇಶದಲ್ಲಿ ಸಕ್ಕರೆ ಕಾಯಿಲೆ ಇರುವವರು ಸುಮಾರು 10 ಕೋಟಿ. ವಾರಕ್ಕೆ ಕನಿಷ್ಠ 150 ನಿಮಿಷ ಚುರುಕಾಗಿ ನಡೆಯಿರಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಸರಿ, ಎಲ್ಲಿ ನಡೆಯೋದು? ಊರೊಳಗೆ ಫುಟ್‌ಪಾತ್ ಇರುವ ರಸ್ತೆಯೇ ಕಡಿಮೆ. ಇದ್ದಲ್ಲಿ ಅಂಗಡಿ ಸಾಮಾನು, ನಿಲ್ಲಿಸಿದ ಬೈಕು, ಟ್ರಾನ್ಸ್‌ಫಾರ್ಮರ್ ಕಟ್ಟೆ. ಫುಟ್‌ಪಾತ್‌ನಲ್ಲಿ ನಡೆಯಲು ಕನಿಷ್ಠ 1.8 ಮೀಟರ್ ಖಾಲಿ ಜಾಗ ಇರಬೇಕು ಅಂತ ಭಾರತೀಯ ರಸ್ತೆ ಕಾಂಗ್ರೆಸ್‌ನ ಮಾನದಂಡ ಇದೆ. ಅಡೆತಡೆ ಇಲ್ಲದ ಫುಟ್‌ಪಾತ್ ಬದುಕುವ ಹಕ್ಕಿನ ಭಾಗ ಅಂತ 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿತು. 2022ರಲ್ಲಿ ದೇಶದ ರಸ್ತೆ ಅಪಘಾತಗಳಲ್ಲಿ ಸತ್ತ 1,68,491 ಜನರಲ್ಲಿ 32 ಸಾವಿರಕ್ಕೂ ಹೆಚ್ಚು ಮಂದಿ ನಡೆದುಕೊಂಡು ಹೋಗುತ್ತಿದ್ದವರು. ಹಿಂಗಿರುವಾಗ ಜನ ಊರು ಬಿಟ್ಟು ಕಾಲುವೆ ದಂಡೆಗೆ ಬಂದರೆ ಅದರಲ್ಲಿ ಆಶ್ಚರ್ಯ ಏನಿದೆ?

ನಡೆಯುವವರಲ್ಲಿ ಹೆಣ್ಣುಮಕ್ಕಳ ಗುಂಪು ದೊಡ್ಡದು. ಅವರು ಒಬ್ಬೊಬ್ಬರೇ ಬರಲ್ಲ. ನಾಲ್ಕೈದು ಮನೆಯವರು ಸೇರಿಕೊಂಡು, ಸಾಲಾಗಿ ಹರಡಿಕೊಂಡು, ಮಾತಾಡುತ್ತಾ ನಡೆಯುತ್ತಾರೆ. ಒಬ್ಬರ ಹಿಂದೆ ಒಬ್ಬರು ಹೋಗಿ ಅಂತ ಹೇಳೋದು ಸುಲಭ. ಆದರೆ ಇಡೀ ದಿನ ಮನೆ ಕೆಲಸದಲ್ಲಿ ಮುಳುಗುವವರಿಗೆ ಆ ಒಂದು ಗಂಟೆಯ ಮಾತೇ ಮುಖ್ಯ. ಗುಂಪಿನಲ್ಲಿದ್ದರೆ ಕತ್ತಲಲ್ಲಿ ಧೈರ್ಯ ಕೂಡ. ಮಾತು ಕಿತ್ತುಕೊಂಡರೆ ಅರ್ಧ ಜನ ನಾಳೆಯಿಂದ ಬರೋದೇ ಬಿಡುತ್ತಾರೆ. ಈ ಮಾತನ್ನು ಮುಂದೆ ಸಭೆಯಲ್ಲಿ ಒಬ್ಬ ಅಕ್ಕಾವರು ನೇರವಾಗಿ ಹೇಳಿದರು: "ಸುಮ್ನ ಒಬ್ಬಾಕೀನ ನಡಿಯೂದಾದ್ರ ಮನ್ಯಾಗ ಅಂಗಳದಾಗ ತಿರಗತೇನ್ರಿ, ಇಲ್ಲಿತನ ಯಾಕ ಬರಲಿ?"

ಎರಡನೆಯವರು ಭರ್ತಿ ಹುಡುಗರು, ಅಂದರೆ ನೌಕರಿ ನೇಮಕಾತಿಗೆ ತಯಾರಿ ಮಾಡುವವರು. ನಮ್ಮ ಕಡೆ ಬೆಳಗಿನ ಜಾವ ಓಡುವವರು ಅಂದರೆ ಮುಕ್ಕಾಲು ಪಾಲು ಇವರೇ. ಪೊಲೀಸ್ ಭರ್ತಿ, ಆರ್ಮಿ ಭರ್ತಿ. ಇವರ ಓಟ ಹವ್ಯಾಸದ್ದಲ್ಲ, ಮನೆ ನಡೆಯುವ ಪ್ರಶ್ನೆ. ಪೊಲೀಸ್ ಕಾನ್‌ಸ್ಟೆಬಲ್ ಆಗಬೇಕಾದರೆ ಹುಡುಗರು 1600 ಮೀಟರ್ ಅನ್ನು ಆರೂವರೆ ನಿಮಿಷದಲ್ಲಿ ಮುಗಿಸಬೇಕು. ಹುಡುಗಿಯರಿಗೆ 400 ಮೀಟರ್, 2 ನಿಮಿಷ. ಸೈನ್ಯದ ಓಟದಲ್ಲಿ ಪೂರ್ತಿ ಅಂಕ ಬೇಕಾದರೆ ಅದೇ 1600 ಮೀಟರ್ ಅನ್ನು ಐದೂವರೆ ನಿಮಿಷದಲ್ಲಿ ಓಡಬೇಕು. ಅಂದರೆ ಗಂಟೆಗೆ 17 ಕಿಲೋಮೀಟರ್ ಮೀರಿದ ವೇಗ, ಅದೂ ಒಂದೇ ಸಮನೆ.

ಇವರು ಕಾಲುವೆಗೇ ಯಾಕೆ ಬರುತ್ತಾರೆ ಅಂತ ನನಗೆ ಚೆನ್ನಾಗಿ ಗೊತ್ತು. ಕಾಲುವೆ ಉದ್ದಕ್ಕೂ ಅಳತೆಯ ಕಲ್ಲು ಇವೆ. ಕಿಲೋಮೀಟರ್ ಕಲ್ಲಿನಿಂದ ಶುರು ಮಾಡಿದರೆ 1600 ಎಲ್ಲಿ ಮುಗಿಯುತ್ತದೆ ಅಂತ ಖಚಿತವಾಗಿ ಸಿಗುತ್ತದೆ. ಏರಿಳಿತ ಇಲ್ಲ. ಗರಸು ಮೊಣಕಾಲಿಗೆ ಮೆತ್ತಗೆ. ಟ್ರ್ಯಾಕ್ ಇರುವ ಮೈದಾನ ಬೇಕಾದರೆ ಬಹಳ ದೂರ ಹೋಗಬೇಕು, ದಿನಾ ಹೋಗೋಕೆ ಬಸ್ ಖರ್ಚು ಯಾರು ಕೊಡುತ್ತಾರೆ? ಆದರೆ ಇದರ ಜೊತೆಗೇ ಅಪಾಯವೂ ಬರುತ್ತದೆ. ಓಡುವವರು ಕಲ್ಲಿನ ಹತ್ತಿರ ಥಟ್ಟನೆ ನಿಲ್ಲುತ್ತಾರೆ, ನಡುರಸ್ತೆಯಲ್ಲೇ ಬಗ್ಗಿ ಉಸಿರು ಬಿಡುತ್ತಾರೆ, ಹಿಂದೆ ನೋಡದೆ ತಿರುಗಿ ಓಡುತ್ತಾರೆ. ಟೈಮ್ ನೋಡುವವನು ಸೀಟಿ ಹಿಡಿದು ರಸ್ತೆ ಮಧ್ಯ ನಿಂತಿರುತ್ತಾನೆ. ಹುಡುಗಿಯರು ಐದಕ್ಕೇ ಬರುತ್ತಾರೆ, ನೋಡುವ ಕಣ್ಣು ಕಡಿಮೆ ಇರಲಿ ಅಂತ. ಅವರ ಹಿಂದೆ ಅಣ್ಣನೋ ಅಪ್ಪನೋ ಬೈಕಿನ ಹೆಡ್‌ಲೈಟ್ ಹಾಕಿಕೊಂಡು ಮೆಲ್ಲಗೆ ಬರುತ್ತಾರೆ. ಆ ಬೆಳಕು ಎದುರಿಗೆ ಬರುವವರ ಕಣ್ಣಿಗೆ ಹೊಡೆಯುತ್ತದೆ, ಆದರೆ ಅದಿಲ್ಲದೆ ಆ ಮಕ್ಕಳನ್ನು ಮನೆಯಿಂದ ಹೊರಗೆ ಬಿಡುವವರಿಲ್ಲ.

ಮೂರನೆಯವರು ಸೈಕಲ್‌ನವರು. ಇದನ್ನು ಹೊರಗಿನವರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ವಿಜಯಪುರ, ಬಾಗಲಕೋಟೆ ಎರಡೂ ಜಿಲ್ಲೆ ರಾಜ್ಯಕ್ಕೆ ಸೈಕಲ್ ಪಟುಗಳನ್ನು ಕೊಟ್ಟ ನೆಲ. ವಿಜಯಪುರದಲ್ಲಿ ಸೈಕ್ಲಿಂಗ್ ಮಕ್ಕಳಿಗಾಗಿಯೇ ಸರ್ಕಾರದ ಕ್ರೀಡಾ ವಸತಿ ನಿಲಯ ಇದೆ. ಹಳ್ಳಿ ಜಾತ್ರೆಗಳಲ್ಲಿ ಕುಸ್ತಿ, ತೆರೆಬಂಡಿ ಇದ್ದ ಹಾಗೆ ಸೈಕಲ್ ಓಟವೂ ಇರುತ್ತದೆ, ಗೆದ್ದವನನ್ನು ಊರೇ ಎತ್ತಿ ಮೆರೆಸುತ್ತದೆ. ಹೊಲದಲ್ಲಿ ದುಡಿಯುವವರ ಮಕ್ಕಳು, ಕಾಲಲ್ಲಿ ಕಸುವಿದ್ದವರು, ಸಾಲ ಮಾಡಿ ಗೇರ್ ಸೈಕಲ್ ತಂದವರು. ಇವರು ಮುಂಚೆ ಹೆದ್ದಾರಿಯಲ್ಲೇ ತಾಲೀಮು ಮಾಡುತ್ತಿದ್ದರು. ಸೊಲ್ಲಾಪುರ ಕಡೆಯಿಂದ ಹುಬ್ಬಳ್ಳಿಗೆ ಹೋಗುವ ಹೆದ್ದಾರಿ 52, ಕಲಬುರಗಿ ಕಡೆಯಿಂದ ಹೊಸಪೇಟೆಗೆ ಹೋಗುವ ಹೆದ್ದಾರಿ 50, ಎರಡೂ ವಿಜಯಪುರದ ಮೇಲೆ ಹಾದುಹೋಗುತ್ತವೆ. ರಸ್ತೆ ಅಗಲ ಆದಷ್ಟೂ ಲಾರಿಗಳ ವೇಗ ಜಾಸ್ತಿ ಆಯಿತು. ಕಬ್ಬಿನ ಸೀಸನ್ನಿನಲ್ಲಿ ಹಿಂದೆ ದೀಪವೇ ಇಲ್ಲದ ಟ್ರೇಲರ್‌ಗಳು. ಅಂಚಿನಲ್ಲಿ ಎದುರಿನಿಂದ ಉಲ್ಟಾ ಬರುವ ಬೈಕುಗಳು. ಇದನ್ನೆಲ್ಲಾ ನೋಡಿದ ತಂದೆತಾಯಿ, ಹೆದ್ದಾರಿಗೆ ಹೋಗಬೇಡ್ರಪ್ಪಾ ಅಂದರು. ಹುಡುಗರು ಕಾಲುವೆಗೆ ಬಂದರು.

ಇವರ ಜೊತೆಗೆ ಭಾನುವಾರ ವಿಜಯಪುರದಿಂದ ಕಾರಿಗೆ ಸೈಕಲ್ ಕಟ್ಟಿಕೊಂಡು ಬರುವ ಹವ್ಯಾಸಿಗಳು ಸ್ವಲ್ಪ ಜನ. ಸರ್ಕಾರ ಹಿಂದೆ ಎಂಟನೇ ತರಗತಿಗೆ ಕೊಡುತ್ತಿದ್ದ ಸೈಕಲ್ ಇನ್ನೂ ತುಳಿಯುತ್ತಿರುವ ಹಳ್ಳಿ ಮಕ್ಕಳು ಇನ್ನಷ್ಟು ಜನ.

ನಾಲ್ಕನೆಯವರು ರೈತರು. ವಾಕಿಂಗ್ ಪದ ಊರಿಗೆ ಬರುವ ಮೊದಲೇ ಈ ದಂಡೆ ಮೇಲೆ ಓಡಾಡುತ್ತಿದ್ದವರು. ಎಮ್ಮೆ, ಕುರಿ ಹಿಂಡು, ಚಕ್ಕಡಿ, ಟ್ರ್ಯಾಕ್ಟರ್, ಪಂಪ್‌ಸೆಟ್ ಚಾಲು ಮಾಡೋಕೆ ಬೈಕ್ ಮೇಲೆ ಹೋಗುವವರು. ಮಳೆಗಾಲದಲ್ಲಿ ಎರೆ ಮಣ್ಣಿನ ಹೊಲದ ದಾರಿ ಕಾಲು ಎತ್ತೋಕೆ ಬಿಡಲ್ಲ, ಆಗ ಅವರಿಗೆ ಈ ದಂಡೆ ಬಿಟ್ಟರೆ ಬೇರೆ ದಾರಿಯೇ ಇಲ್ಲ.

ಇಷ್ಟೂ ಜನರನ್ನು ಒಟ್ಟಿಗೆ ನೋಡಿದರೆ ಒಂದು ವಿಷಯ ಎದ್ದು ಕಾಣುತ್ತದೆ. ರೈತರನ್ನು ಬಿಟ್ಟು ಉಳಿದ ಮೂವರೂ ಬೇರೆ ಕಡೆಯಿಂದ ತಳ್ಳಿಸಿಕೊಂಡು ಇಲ್ಲಿಗೆ ಬಂದವರು. ನಡೆಯುವವರನ್ನು ಊರ ರಸ್ತೆ ತಳ್ಳಿತು. ಓಡುವವರಿಗೆ ಮೈದಾನ ಇಲ್ಲ. ಸೈಕಲ್‌ನವರನ್ನು ಹೆದ್ದಾರಿ ತಳ್ಳಿತು. ಹಾಗಾಗಿ ಇವರಲ್ಲಿ ಯಾರನ್ನಾದರೂ ಇಲ್ಲಿಂದ ಬಂದ್ ಮಾಡಿದರೆ ಅವರು ಮನೆಯಲ್ಲಿ ಕೂರಲ್ಲ, ಇದಕ್ಕಿಂತ ದೊಡ್ಡ ಅಪಾಯ ಇರುವ ಜಾಗಕ್ಕೆ ವಾಪಸ್ ಹೋಗುತ್ತಾರೆ. ಸೈಕಲ್ ಹುಡುಗ ಇಲ್ಲಿ ಬಿದ್ದರೆ ಹೆಗಲು ಮುರಿಯುತ್ತದೆ. ಹೆದ್ದಾರಿಯಲ್ಲಿ ಬಿದ್ದರೆ ಹಿಂದೆ ಲಾರಿ ಇರುತ್ತದೆ.

ಆ ದಿನ ಆಗಿದ್ದು

ಜನವರಿ. ನಮ್ಮಲ್ಲಿ ಆ ತಿಂಗಳು ಸೂರ್ಯ ಹುಟ್ಟುವಾಗ ಹೆಚ್ಚುಕಡಿಮೆ ಏಳು ಗಂಟೆ. ಮೇ ಕೊನೆಗೆ ಆರಕ್ಕೆ ಮೊದಲೇ ಬೆಳಕು. ಇದು ಸಣ್ಣ ವಿಷಯ ಅನಿಸಬಹುದು, ಆದರೆ ದಾರಿ ಮೇಲಿನ ನೂಕುನುಗ್ಗಲಿಗೆ ಇದೇ ಮೂಲ. ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುವ ಊರು, ಹಾಗಾಗಿ ಎಲ್ಲರೂ ಬೇಗ ಬಂದು ಬೇಗ ಮುಗಿಸುತ್ತಾರೆ. ಆಗ ಬೆಳಕಾದರೂ ಇರುತ್ತದೆ. ಚಳಿಗಾಲದಲ್ಲಿ ನೌಕರಿ, ಶಾಲೆ, ಅಡುಗೆ ಟೈಮ್ ಬದಲಾಗಲ್ಲ, ಬೆಳಕು ಮಾತ್ರ ತಡ. ಜನ ಬರೋದು ಅದೇ ಆರಕ್ಕೆ, ಆದರೆ ಕತ್ತಲಲ್ಲಿ.

ಐದು ಹೆಣ್ಣುಮಕ್ಕಳು ಊರ ಕಡೆ ವಾಪಸ್ ನಡೆಯುತ್ತಿದ್ದರು. ಡಾಂಬರಿನ ಭಾಗ, ಒಂದು ತಿರುವು, ಪಕ್ಕದಲ್ಲಿ ಜಾಲಿ ಕಂಟಿ ಬೆಳೆದು ಮುಂದಿನದು ಕಾಣದ ಜಾಗ. ಹಿಂದಿನಿಂದ ನಾಲ್ಕು ಸೈಕಲ್ ಬಂದವು, ಒಂದರ ಹಿಂದೆ ಒಂದು, ಚಕ್ರಕ್ಕೆ ಚಕ್ರ ತಾಕುವಷ್ಟು ಹತ್ತಿರ. ರೇಸ್ ಹುಡುಗರು ಹೀಗೆ ಹೋಗೋದು ಶೋಕಿಗಲ್ಲ. ಮುಂದಿನವನು ಗಾಳಿ ಸೀಳುತ್ತಾನೆ, ಹಿಂದಿನವನಿಗೆ ಹೆಚ್ಚುಕಡಿಮೆ ಕಾಲುಭಾಗ ಶ್ರಮ ಉಳಿತಾಯ ಆಗುತ್ತದೆ, ಸರದಿ ಮೇಲೆ ಮುಂದೆ ಬರುತ್ತಾರೆ. ತೊಂದರೆ ಏನಂದರೆ ಹಿಂದಿನವರಿಗೆ ಮುಂದಿನವನ ಬೆನ್ನು ಬಿಟ್ಟು ಬೇರೇನೂ ಕಾಣಲ್ಲ.

ಲೆಕ್ಕ ಹಾಕಿ ನೋಡಿ. ಗಂಟೆಗೆ 35 ಕಿ.ಮೀ. ವೇಗದ ಸೈಕಲ್ ಒಂದು ಸೆಕೆಂಡಿಗೆ ಸುಮಾರು 10 ಮೀಟರ್ ಹೋಗುತ್ತದೆ. ನಡೆಯುವವರು ಒಂದೂವರೆ ಮೀಟರ್ ಕೂಡ ಹೋಗಲ್ಲ. ತಿರುವಿನಲ್ಲಿ 25 ಮೀಟರ್ ದೂರ ಕಂಡರೆ ಮುಂದಿನ ಹುಡುಗನಿಗೆ ಸಿಗೋದು ಮೂರು ಸೆಕೆಂಡ್. ನೋಡಿ, ತಿಳಿದು, ಬ್ರೇಕ್ ಹಿಡಿಯುವಷ್ಟರಲ್ಲಿ ಅದರಲ್ಲಿ ಅರ್ಧ ಹೋಗಿರುತ್ತದೆ. ಮುಂದಿನವನು ಅಷ್ಟರಲ್ಲೇ "ಸೈಡ್, ಸೈಡ್!" ಅಂತ ಕೂಗಿ ಬಲಕ್ಕೆ ಎಳೆದುಕೊಂಡ. ಎರಡನೆಯವನು ಅವನನ್ನು ನೋಡಿ ಎಳೆದುಕೊಂಡ. ಮೂರನೆಯವನಿಗೆ ಏನೂ ಕಾಣಲಿಲ್ಲ.

ಆ ಕೂಗಿನಿಂದಲೇ ಕೆಲಸ ಕೆಟ್ಟಿತು ಅಂತ ನನ್ನ ಅಭಿಪ್ರಾಯ. ಹಿಂದಿನಿಂದ ಯಾರಾದರೂ ಸೈಡ್ ಅಂದರೆ ಯಾವ ಕಡೆ ಅಂತ ಗೊತ್ತಾಗಲ್ಲ. ಐವರಲ್ಲಿ ಮೂವರು ಹೊಲದ ಕಡೆ ಸರಿದರು, ಇಬ್ಬರು ನೀರಿನ ಕಡೆ. ನೀರಿನ ಕಡೆ ಇದ್ದವರಲ್ಲಿ ಒಬ್ಬರು ಅಂಚು ನೋಡಿ ಹೆದರಿ, ತಮ್ಮ ಗೆಳತಿಯರಿದ್ದ ಕಡೆಗೆ ಓಡಿದರು. ಯಾರಾದರೂ ಹಾಗೇ ಮಾಡುತ್ತಾರೆ, ಅಲ್ವಾ? ಸೈಕಲ್ ನುಗ್ಗಬೇಕಿದ್ದ ಸಂದಿ ಅಲ್ಲೇ ಮುಚ್ಚಿಹೋಯಿತು. ಮೂರನೇ ಹುಡುಗ ನೇರ ಬಂದು ಗುದ್ದಿದ. ಇಬ್ಬರೂ ಹೊಲದ ಕಡೆಯ ಇಳಿಜಾರಿಗೆ ಬಿದ್ದರು. ನೀರಿನ ಕಡೆ ಬಿದ್ದಿದ್ದರೆ ಈ ಬರಹದ ಧಾಟಿಯೇ ಬೇರೆ ಆಗುತ್ತಿತ್ತು.

ಗಂಟೆ ಯಾವ ಸೈಕಲ್‌ಗೂ ಇರಲಿಲ್ಲ. ರೇಸ್ ಸೈಕಲ್‌ಗೆ ಯಾರೂ ಗಂಟೆ ಹಾಕಿಸಲ್ಲ, ತೂಕ ಅಂತಾರೆ. ನಡೆಯುವವರಲ್ಲಿ ಒಬ್ಬರು ಕಿವಿಗೆ ಇಯರ್‌ಫೋನ್ ಹಾಕಿಕೊಂಡಿದ್ದರು. ಎಲ್ಲರದೂ ಗಾಢ ಬಣ್ಣದ ಶಾಲು. ತಪ್ಪು ಹುಡುಕಿದರೆ ಎಲ್ಲರ ಹತ್ತಿರವೂ ಸ್ವಲ್ಪ ಸ್ವಲ್ಪ ಸಿಗುತ್ತದೆ. ಆದರೆ ವೇಗ ಯಾರದೋ ಅವರ ಹೊಣೆ ಹೆಚ್ಚು. ಇದರಲ್ಲಿ ನನಗೆ ಅನುಮಾನ ಇಲ್ಲ, ನನ್ನ ಹಳೆ ವಿದ್ಯಾರ್ಥಿಗಳಾದರೂ ಅವರಿಗೆ ಇದನ್ನೇ ಹೇಳಿದೆ.

ಮುಳ್ಳು ಬಿದ್ದ ಮೇಲೆ

ಮರುದಿನ ಬೆಳಗ್ಗೆ ದಂಡೆಗೆ ಅಡ್ಡಲಾಗಿ ಕಲ್ಲು, ಅದರ ಮೇಲೆ ಜಾಲಿ ಮುಳ್ಳಿನ ಕಂಟಿ. ಯಾರು ಹಾಕಿದರು ಅಂತ ಊರಿಗೆಲ್ಲಾ ಗೊತ್ತು, ಯಾರೂ ಹೇಳಲಿಲ್ಲ. ಸೈಕಲ್ ತಡೆಯೋಕೆ ಹಾಕಿದ್ದು, ಆದರೆ ಮೊದಲು ಸಿಕ್ಕಿಬಿದ್ದದ್ದು ಕಬ್ಬಿನ ಟ್ರ್ಯಾಕ್ಟರ್. ಕಾರ್ಖಾನೆಗೆ ಪಾಳಿ ಸಿಕ್ಕ ದಿನ ತಪ್ಪಿದರೆ ಮತ್ತೆ ಪಾಳಿ ಯಾವಾಗಲೋ, ಕಬ್ಬು ಒಣಗಿ ತೂಕ ಇಳಿಯುತ್ತದೆ. ಆ ರೈತ ಕೆಳಗಿಳಿದು ಕೂಗಾಡಿದ್ದು ಇಡೀ ದಂಡೆಗೆ ಕೇಳಿತು: "ನಮ್ಮ ಹೊಲಕ್ಕ ನಾವು ಹೋಗಾಕ ನಿಮ್ಮನ್ನ ಕೇಳಬೇಕೇನ್ರಿ? ನೀವು ಹೊಟ್ಟಿ ಕರಗಸಾಕ ಬರಾವ್ರು, ನಾವು ಹೊಟ್ಟಿಗಾಗಿ ಬರಾವ್ರು!"

ಮುಳ್ಳು ಚದುರಿ ಇನ್ನೊಂದು ಅನಾಹುತ ಆಯಿತು. ಶಾಲೆ ಮಕ್ಕಳ ಸೈಕಲ್ ಸಾಲಾಗಿ ಪಂಕ್ಚರ್. ಬರಿಗಾಲಲ್ಲಿ ಓಡುವ ಭರ್ತಿ ಹುಡುಗನೊಬ್ಬನ ಕಾಲಿಗೆ ಮುಳ್ಳು ಮುರಿದು ಕೂತಿತು. ಮೂರನೇ ದಿನ ಸೈಕಲ್ ಹುಡುಗರು ಹೆದ್ದಾರಿಗೆ ಹೋದರು. ಅವತ್ತೇ ಅವರ ಪಾಲಕರು ನನ್ನ ಹತ್ತಿರ ಬಂದು, ಏನಾದರೂ ಮಾಡ್ರಿ ಸರ ಅಂದರು.

ಹಣಮಪ್ಪನ ಗುಡಿ ಕಟ್ಟೆ ಮೇಲೆ ಒಂದು ಸಂಜೆ ಎಲ್ಲರನ್ನೂ ಕೂರಿಸಿದೆವು. ಮೊದಲರ್ಧ ಬರೀ ಸಿಟ್ಟು. ಕೈಗೆ ಪ್ಲಾಸ್ಟರ್ ಹಾಕಿಕೊಂಡಿದ್ದ ಅಕ್ಕಾವರೂ ಬಂದಿದ್ದರು. ಅವರು ಹುಡುಗರನ್ನು ಬಂದ್ ಮಾಡಿ ಅನ್ನಲಿಲ್ಲ. "ಹಿಂದಿಂದ ಸಪ್ಪಳ ಇಲ್ದ ಬರತಾವ್ರಿ ಈ ಸೈಕಲ್. ಒಂದ್ ಗಂಟಿ ಬಾರಸಾಕ ಏನಾಗತೇತಿ? ಅಲ್ಲೇ ದೂರದಿಂದ ಬಾರಸಿದ್ರ ನಾವು ಸರಿತೇವಿ" ಅಂದರು. ಅಷ್ಟರಲ್ಲೇ ಹೆಗಲಿಗೆ ಪಟ್ಟಿ ಕಟ್ಟಿದ್ದ ಹುಡುಗ ಎದ್ದು ನಿಂತು ಅವರ ಕಾಲಿಗೆ ಬಿದ್ದ. ಮಾತು ಹಾದಿಗೆ ಬಂದದ್ದು ಆಮೇಲೆ.

ಸಭೆಗೆ ಮೊದಲು ಕೆಲವು ದಿನ ಪಿಯು ಹುಡುಗರನ್ನು ಗೇಟಿನ ಹತ್ತಿರ ಕೂರಿಸಿ, ಯಾರು ಎಷ್ಟೊತ್ತಿಗೆ ಹೋಗುತ್ತಾರೆ ಅಂತ ಗೆರೆ ಹಾಕಿಸಿದ್ದೆವು. ಅದು ಬಹಳ ಉಪಯೋಗಕ್ಕೆ ಬಂತು. ಐದರಿಂದ ಐದೂವರೆ ಬರೀ ಓಡುವವರು. ಆರರಿಂದ ಏಳು ಎಲ್ಲರೂ. ಏಳೂವರೆ ದಾಟಿದರೆ ರೈತರು ಮತ್ತು ಶಾಲೆ ಮಕ್ಕಳು ಮಾತ್ರ. ದಿನಪೂರ್ತಿ ಖಾಲಿ ಇರುವ ದಾರಿ, ಜಗಳ ಒಂದೇ ಒಂದು ಗಂಟೆಯದು. ಇನ್ನೊಂದು ವಿಷಯ ಅದರಿಂದಲೇ ಗೊತ್ತಾಯಿತು. ಸೈಕಲ್ ಹುಡುಗರ ನಿಜವಾದ ತಾಲೀಮು ಕಾಲುವೆ ಮೇಲೆ ಅಲ್ಲ, ಕಾಲುವೆ ದಾಟಿ ಸಿಗುವ ಹಳ್ಳಿ ರಸ್ತೆಯಲ್ಲಿ. ಅಲ್ಲಿ ಲಾರಿ ಇಲ್ಲ, ರಸ್ತೆ ಉದ್ದ ಇದೆ. ಕಾಲುವೆ ಅವರಿಗೆ ಅಲ್ಲಿಗೆ ಹೋಗುವ ದಾರಿ ಅಷ್ಟೇ. ಹಾಗಿದ್ದರೆ ಮೂರು ಕಿಲೋಮೀಟರ್ ನಿಧಾನ ಹೋದರೆ ಅವರಿಗೆ ಆಗುವ ನಷ್ಟ ಏನು? ಗಂಟೆಗೆ 35ರ ಬದಲು 15ರಲ್ಲಿ ಹೋದರೆ ಸುಮಾರು ಏಳು ನಿಮಿಷ. ಇದನ್ನು ಹಾಳೆ ಮೇಲೆ ಬರೆದು ತೋರಿಸಿದಾಗ ಹುಡುಗರೇ ಒಪ್ಪಿದರು. ಮೈ ಬಿಸಿ ಮಾಡಿಕೊಳ್ಳೋಕೆ ಅಷ್ಟು ಹೇಗೂ ಬೇಕು ಅಂದರು.

ಏನು ಒಪ್ಪಿಕೊಂಡರು

ಅಮೆರಿಕದ ಬಹಳಷ್ಟು ಹಾದಿಗಳಲ್ಲಿ ಒಂದು ಸರಳ ರೂಢಿ ಇದೆ. ಕುದುರೆಗೆ ಎಲ್ಲರೂ ದಾರಿ ಬಿಡಬೇಕು, ಸೈಕಲ್‌ನವರು ನಡೆಯುವವರಿಗೂ ಬಿಡಬೇಕು. ಕುದುರೆಗೆ ಯಾಕೆ ಮೊದಲು ಅಂದರೆ ಅದು ಬೆದರುತ್ತದೆ, ಬೆದರಿದರೆ ಯಾರ ಕೈಗೂ ಸಿಗಲ್ಲ. ನಾನು ಇದನ್ನು ಹೇಳಿದ ಕೂಡಲೇ ಒಬ್ಬ ಕುರಿ ಕಾಯುವ ಕಾಕಾ, "ಹಂಗಾರ ಇಲ್ಲಿ ಕುರಿ ಮೊದಲ" ಅಂದರು. ಸರಿಯಾದ ಮಾತು. ಹಿಂಡು ಬೆದರಿ ನೀರಿನ ಕಡೆ ನುಗ್ಗಿದರೆ ಒಂದರ ಹಿಂದೆ ಒಂದು ಬೀಳುತ್ತವೆ. ಹೀಗಾಗಿ ದನ, ಕುರಿ, ಚಕ್ಕಡಿ, ಟ್ರ್ಯಾಕ್ಟರ್ ಬಂದರೆ ಎಲ್ಲರೂ ನಿಲ್ಲಬೇಕು, ಸೈಕಲ್‌ನವರು ಕೆಳಗಿಳಿಯಬೇಕು ಅಂತ ಆಯಿತು.

ನಡೆಯುವವರು ಹೋಗುವಾಗಲೂ ಬರುವಾಗಲೂ ಹೊಲದ ಕಡೆಯೇ ನಡೆಯಬೇಕು, ಇಬ್ಬಿಬ್ಬರು. ಒಬ್ಬೊಬ್ಬರೇ ಅನ್ನೋದನ್ನು ಹೆಣ್ಣುಮಕ್ಕಳು ಒಪ್ಪಲಿಲ್ಲ, ನಾನೂ ಅವರ ಪರ ಮಾತಾಡಿದೆ. ಹಿಂದಿನಿಂದ ಗಂಟೆ ಕೇಳಿದರೆ ಯಾರೂ ರಸ್ತೆ ದಾಟಬಾರದು, ಇದ್ದ ಕಡೆಯೇ ಇರಬೇಕು. ಈ ಒಂದನ್ನು ಮಾತ್ರ ಎಲ್ಲರಿಗೂ ಬಾಯಿಪಾಠ ಮಾಡಿಸಿದೆವು. ಉಳಿದದ್ದೆಲ್ಲಾ ಮರೆತರೂ ಇದು ನೆನಪಿದ್ದರೆ ಸಾಕು.

ಆರರಿಂದ ಏಳೂವರೆವರೆಗೆ ಡಾಂಬರಿನ ಭಾಗದಲ್ಲಿ ಸೈಕಲ್ ವೇಗ ಓಡುವವರ ವೇಗಕ್ಕಿಂತ ಜಾಸ್ತಿ ಇರಬಾರದು, ಗುಂಪು ಕಟ್ಟಿ ಚಕ್ರಕ್ಕೆ ಚಕ್ರ ಹಚ್ಚಬಾರದು. ಗಂಟೆ ಇರಲೇಬೇಕು. ಹುಡುಗರಿಗೆ ಕೋಚ್ ಒಬ್ಬರು ಹೇಳಿಬಿಟ್ಟರು, ಗಂಟೆ ಇಲ್ಲದವನಿಗೆ ತಾಲೀಮು ಇಲ್ಲ ಅಂತ. ಮರುದಿನವೇ ಎಲ್ಲರ ಸೈಕಲ್‌ಗೂ ಗಂಟೆ ಬಂತು. ಮುಂದೆ ಬಿಳಿ, ಹಿಂದೆ ಕೆಂಪು ದೀಪ ಕೂಡ.

ಭರ್ತಿ ಹುಡುಗರ ಓಟದ ಪಟ್ಟಿಯನ್ನು ಮುಂದಕ್ಕೆ ಸರಿಸಿದೆವು. ಡಾಂಬರು ಮುಗಿದು ಗರಸು ಶುರುವಾಗುವ ಕಡೆಯಿಂದ ಹೊಸದಾಗಿ ಟೇಪ್ ಹಿಡಿದು ಅಳೆದು, 400, 800, 1600ಕ್ಕೆ ಹೊಲದ ಅಂಚಿನ ಕಲ್ಲಿನ ಮೇಲೆ ಸುಣ್ಣ ಬಳಿದೆವು. ನಡೆಯುವವರಲ್ಲಿ ಬಹಳ ಜನ ಅಲ್ಲಿತನಕ ಬರಲ್ಲ. ಓಟ ಮುಗಿದ ಮೇಲೆ ನಿಲ್ಲೋದು, ಬಗ್ಗೋದು, ಮೈ ಸಡಿಲ ಮಾಡೋದು ಎಲ್ಲಾ ರಸ್ತೆ ಕೆಳಗೆ. ಹುಡುಗಿಯರ ಹಿಂದೆ ಬರುವ ಬೈಕ್ ಬಗ್ಗೆ ಯಾರಿಗೂ ಬೇರೆ ಉಪಾಯ ಹೊಳೆಯಲಿಲ್ಲ. ಲೈಟ್ ಕೆಳಗೆ ಇಳಿಸಿಕೊಂಡು ಬರಲಿ ಅಂತ ಬಿಟ್ಟೆವು.

ತಿರುವಿನ ಜಾಲಿ ಕಂಟಿಯನ್ನು ರೈತರೇ ಕಡಿದರು. ಎರಡು ಟ್ರ್ಯಾಕ್ಟರ್ ಮಣ್ಣು ತಂದು ಸವೆದ ಒಡ್ಡನ್ನು ಆ ತಿರುವಿನಲ್ಲಿ ಮತ್ತೆ ಎತ್ತರಿಸಿದರು. ನನ್ನ ಪ್ರಕಾರ ಇಡೀ ಒಪ್ಪಂದದಲ್ಲಿ 25 ಮೀಟರ್ ನೋಟವನ್ನು ದೂರದವರೆಗೆ ತೆರೆದ ಈ ಕೆಲಸವೇ ಎಲ್ಲಕ್ಕಿಂತ ದೊಡ್ಡದು. ಇದು ಕೆಲಸ ಮಾಡೋಕೆ ಯಾರ ಶಿಸ್ತೂ ಬೇಕಾಗಿಲ್ಲ.

ನಿಯಮಗಳನ್ನು ಗೇಟಿನ ಗೋಡೆ ಮೇಲೆ ಬಣ್ಣದಲ್ಲಿ ಬರೆಸಿದ್ದೇವೆ, ನಾಲ್ಕೇ ಸಾಲು. ಯುಗಾದಿ ಮುಂಚೆ ಶ್ರೀಶೈಲಕ್ಕೆ ಪಾದಯಾತ್ರೆ ಹೊರಡುವವರು ಕಂಬಿ ಹೊತ್ತು ರಾತ್ರಿ ಹಗಲು ಈ ದಂಡೆ ಮೇಲೆ ಹಾಯುತ್ತಾರೆ. ಆ ದಿನಗಳಲ್ಲಿ ಸೈಕಲ್ ಪೂರ್ತಿ ಬಂದ್. ಇದನ್ನು ಹುಡುಗರೇ ಹೇಳಿದರು, ನಾವು ಕೇಳಲಿಲ್ಲ.

ಈಗ ಹೇಗಿದೆ, ಏನು ಉಳಿದಿದೆ

ಆ ನಂತರ ದೊಡ್ಡ ಡಿಕ್ಕಿ ಆಗಿಲ್ಲ. ತರಚು ಗಾಯ ಆಗಿವೆ, ನಾಯಿ ಅಟ್ಟಿಸಿಕೊಂಡು ಬಂದು ಒಬ್ಬ ಬಿದ್ದಿದ್ದಾನೆ. ಒಂದು ಚಳಿಗಾಲ ನೋಡಿ ಗೆದ್ದೆವು ಅನ್ನೋಕಾಗಲ್ಲ. ಊರ ಹುಡುಗರು ಮಾತು ಕೇಳುತ್ತಾರೆ, ಭಾನುವಾರ ಬರುವ ಹೊರಗಿನವರಿಗೆ ಗೋಡೆ ಬರಹ ಕಾಣೋದೇ ಇಲ್ಲ, ಅವರು ಗೇಟಿಗಿಂತ ಮುಂದೆ ಕಾರು ನಿಲ್ಲಿಸುತ್ತಾರೆ. ನಡೆಯುವವರಲ್ಲೂ ಮಾತಿನ ಭರದಲ್ಲಿ ಇಬ್ಬರು ಮೂವರಾಗಿ, ಮೂವರು ಐವರಾಗಿ ಹರಡಿಕೊಳ್ಳೋದು ನಿಂತಿಲ್ಲ. ಆದರೆ ಗಂಟೆ ಸದ್ದಿಗೆ ಈಗ ಯಾರೂ ಅಡ್ಡ ಓಡಲ್ಲ. ಅದನ್ನು ನಾನು ಗಮನ ಇಟ್ಟು ನೋಡುತ್ತಾ ಬಂದಿದ್ದೇನೆ. ಕೈ ಮುರಿದುಕೊಂಡ ಅಕ್ಕಾವರು ವಾಪಸ್ ನಡೆಯೋಕೆ ಬರುತ್ತಿದ್ದಾರೆ. ಆ ಹುಡುಗನೂ ಸೈಕಲ್ ಹತ್ತಿದ್ದಾನೆ.

ಈಗ ಹೊಸ ವಿಷಯ ಬಂದಿದೆ. ಗರಸು ಇರುವ ಮುಂದಿನ ಭಾಗಕ್ಕೂ ಡಾಂಬರು ಹಾಕುತ್ತಾರೆ ಅನ್ನುವ ಮಾತು ಓಡಾಡುತ್ತಿದೆ. ಊರಲ್ಲಿ ಬಹಳ ಜನಕ್ಕೆ ಖುಷಿ. ನನಗೆ ಕಳವಳ. ಗರಸಿನ ಭಾಗದಲ್ಲಿ ನಾನು ಕಂಡ ಮಟ್ಟಿಗೆ ಯಾರೂ ಯಾರಿಗೂ ಗುದ್ದಿಲ್ಲ, ಯಾಕಂದರೆ ಸಣ್ಣ ಟೈರಿನ ಸೈಕಲ್ ಅಲ್ಲಿ ಜೋರಾಗಿ ಹೋಗೋಕಾಗಲ್ಲ, ಬೈಕ್ ಕೂಡ. ಕಲ್ಲು ಸಿಡಿಯುವ ಸಪ್ಪಳದಿಂದ ಹಿಂದೆ ಯಾರೋ ಬರುತ್ತಿದ್ದಾರೆ ಅಂತ ಗಂಟೆಗಿಂತ ಮೊದಲೇ ಗೊತ್ತಾಗುತ್ತದೆ. ನಯವಾದ ಡಾಂಬರು ಬಿದ್ದರೆ ಪಕ್ಕದ ಹಳ್ಳಿಯವರಿಗೆ ಇದು ಅಡ್ಡದಾರಿ ಆಗುತ್ತದೆ, ಬೈಕು ಕಾರು ಶುರುವಾಗುತ್ತವೆ, ಓಡುವ ಮಕ್ಕಳ ಮೊಣಕಾಲಿಗೂ ಒಳ್ಳೆಯದಲ್ಲ. ಆಮೇಲೆ ಇವರೆಲ್ಲಾ ಇನ್ನೆಲ್ಲಿಗೆ ಹೋಗಬೇಕು?

ರೈತರ ಮಾತಿನಲ್ಲೂ ನ್ಯಾಯ ಇದೆ. ಮಳೆಗಾಲದಲ್ಲಿ ಗರಸು ಕೊಚ್ಚಿಹೋಗಿ ತಗ್ಗು ಬಿದ್ದರೆ ಕಬ್ಬಿನ ಗಾಡಿ ವಾಲುತ್ತದೆ. ಹಾಗಾಗಿ ಡಾಂಬರು ಬೇಡವೇ ಬೇಡ ಅಂತ ನಾವು ಬರೆದಿಲ್ಲ. ಎಲ್ಲರೂ ಸೇರಿ ಕೊಟ್ಟ ಅರ್ಜಿಯಲ್ಲಿ ಕೇಳಿದ್ದು ಇಷ್ಟು: ಹೊಲದ ಕಡೆ ಒಂದು ಮೀಟರ್ ಗರಸನ್ನು ಹಾಗೇ ಬಿಡಿ, ನೀರಿನ ಕಡೆ ಒಡ್ಡನ್ನು ಉದ್ದಕ್ಕೂ ಎತ್ತರಿಸಿ, ಅಲ್ಲಲ್ಲಿ ಕಾಲುವೆಯಿಂದ ಹತ್ತಿಬರಲು ಮೆಟ್ಟಿಲು ಮತ್ತು ಹಿಡಿಯಲು ಸರಪಳಿ ಹಾಕಿ, ಊರ ಕಡೆಯ ಬಾಯಿಗೆ ಹಂಪ್ ಮಾಡಿ. ಅರ್ಜಿಗೆ ಸಹಿ ಹಾಕಿದವರಲ್ಲಿ ಮುಳ್ಳು ಹಾಕಿದವರೂ ಇದ್ದಾರೆ, ಟ್ರ್ಯಾಕ್ಟರ್ ನಿಲ್ಲಿಸಿ ಕೂಗಾಡಿದ ರೈತನೂ ಇದ್ದಾನೆ. ಇನ್ನೂ ಉತ್ತರ ಬಂದಿಲ್ಲ. ಮಳೆಗಾಲ ಶುರುವಾಗುವ ಮುಂಚೆ ಮತ್ತೊಮ್ಮೆ ಹೋಗಿ ಕೇಳುವುದು ಅಂತ ಕಟ್ಟೆ ಮೇಲೆ ಮಾತಾಗಿದೆ.